ಮನೆಯುಳ್ಳವನ ಸಾಲ, ಮನೆ ಕೊಳ್ಳುವವನ ಸಾಲ

ಮನೆಯನ್ನು ಕೊಳ್ಳುವುದಕ್ಕೆಂದು ಸಾಲ ಕೇಳುವವನೂ, ಇರುವ ಮನೆಯನ್ನು ಹರಾಜಿನಿಂದ ಉಳಿಸಿಕೊಳ್ಳುವುದಕ್ಕೆಂದು ಸಾಲ ಕೇಳುವವನೂ ಒಂದೇ ಬಾಗಿಲಿನಲ್ಲಿ ನಿಂತಿರಬಹುದು. ಒಂದೇ ಬಗೆಯ ಪತ್ರಕ್ಕೆ ರುಜು ಹಾಕಲೂಬಹುದು. ಆದರೆ ಒಬ್ಬನನ್ನು ಅಲ್ಲಿಗೆ ಕರೆತಂದುದು ಆಸೆ. ಮತ್ತೊಬ್ಬನನ್ನು ಅಟ್ಟಿಕೊಂಡು ಬಂದುದು ಭಯ. ಈ ಇಬ್ಬರಿಗೂ ಸರ್ಕಾರವು ಬೇರೆ ಬೇರೆ ವಿಧದಲ್ಲಿ ನೆರವಾಗಲು ಹೊರಟ ಪ್ರಸಂಗವು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1933 ಮತ್ತು 1934ರಲ್ಲಿ ಒಂದರ ಹಿಂದೊಂದಾಗಿ ಒದಗಿತು. ಆ ಎರಡು ಯೋಜನೆಗಳನ್ನು ಹೋಲಿಸಿ ನೋಡುವುದೇ ಈ ಭಾಷಣದ ಉದ್ದೇಶ.

ಅದಕ್ಕೆ ಮುಂಚೆ ಆ ದೇಶದಲ್ಲಿ ಮನೆಯ ಸಾಲವೆಂದರೆ ಸಾಮಾನ್ಯವಾಗಿ ಮೂರು ಅಥವಾ ಐದು ವರ್ಷಗಳ ವಾಯಿದೆಯದು. ಮನೆಯ ಬೆಲೆಯ ಅರ್ಧದಷ್ಟು ಮಾತ್ರ ಸಾಲ ದೊರೆಯುತ್ತಿತ್ತು. ಉಳಿದುದಕ್ಕೆ ಹೆಚ್ಚು ಬಡ್ಡಿಯ ಎರಡನೆಯ ಸಾಲವನ್ನು ಮಾಡಬೇಕಾಗುತ್ತಿತ್ತು. ಅಸಲನ್ನು ಕಂತುಗಳಲ್ಲಿ ಕಟ್ಟಿಸಿಕೊಳ್ಳುವ ಪರಸ್ಪರ ಸಹಾಯದ ಗೃಹನಿರ್ಮಾಣ ಸಂಘಗಳು ಇದ್ದುವಾದರೂ, ಬ್ಯಾಂಕುಗಳ ಸಾಲದಲ್ಲಿ ಅನೇಕರು ಬಡ್ಡಿಯನ್ನು ಮಾತ್ರ ತೆರುತ್ತಾ, ವಾಯಿದೆ ಮುಗಿದೊಡನೆ ಅದೇ ಸಾಲವನ್ನು ನವೀಕರಿಸಿಕೊಳ್ಳುತ್ತಾ ಕಾಲ ಹಾಕುತ್ತಿದ್ದರು. ಕಾಲವು ಅನುಕೂಲವಾಗಿದ್ದಾಗ ಈ ಏರ್ಪಾಡಿನ ದೋಷವು ಯಾರ ಕಣ್ಣಿಗೂ ಬೀಳಲಿಲ್ಲ. 1929ರ ಆರ್ಥಿಕ ಕುಸಿತದ ತರುವಾಯ ಮನೆಗಳ ಬೆಲೆ ಇಳಿಯಿತು, ಕೆಲಸಗಳು ಹೋದುವು, ಬ್ಯಾಂಕುಗಳು ಮುಚ್ಚಿದುವು. ಬಡ್ಡಿಯನ್ನು ತಪ್ಪದೆ ಕೊಟ್ಟವನಿಗೂ ನವೀಕರಣ ದೊರೆಯದೆ, ಅಸಲೆಲ್ಲವನ್ನೂ ಒಮ್ಮೆಗೇ ತಾ ಎಂಬ ನೋಟೀಸು ಬಂತು. 1933ರ ಮೊದಲ ಭಾಗದಲ್ಲಿ ದಿನಕ್ಕೆ ಸುಮಾರು ಒಂದು ಸಾವಿರ ಮನೆಗಳು ಹೀಗೆ ಕೈಬಿಡುತ್ತಿದ್ದುವು.

1933ರ ಜೂನ್ 13ರಂದು ಅಧ್ಯಕ್ಷ ರೂಸ್‌ವೆಲ್ಟರು ರುಜು ಹಾಕಿದ ಶಾಸನದಿಂದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಸಂಸ್ಥೆಯು ಹುಟ್ಟಿತು. ಇದು ಮನೆಯುಳ್ಳವನ ಯೋಜನೆ. ಸಂಸ್ಥೆಯು ಸಾಲ ಕೊಟ್ಟವನ ಕೈಗೆ ತನ್ನ ಬಾಂಡುಗಳನ್ನು ಕೊಟ್ಟು, ಹಳೆಯ ಸಾಲವನ್ನು ತಾನು ವಹಿಸಿಕೊಂಡು, ಮನೆಯವನಿಗೆ ಹೊಸ ಕರಾರನ್ನು ಬರೆದುಕೊಡುತ್ತಿತ್ತು. ಇದರಿಂದ ವಸೂಲಾಗದೆ ನಿಂತಿದ್ದ ಸಾಲದ ಬದಲು ಬ್ಯಾಂಕಿಗೆ ಮಾರಬಹುದಾದ ಬಾಂಡು ಸಿಕ್ಕಿತು; ಸಂಸಾರಕ್ಕೆ ಸೂರು ಉಳಿಯಿತು. ಮನೆಯ ಬೆಲೆಯ ನೂರಕ್ಕೆ 80ರವರೆಗೆ, ಆದರೆ 14,000 ಡಾಲರುಗಳಿಗೆ ಮೀರದಂತೆ, ನೂರಕ್ಕೆ 5ರ ಬಡ್ಡಿಯ ಮೇಲೆ ಸಾಲ. 15 ವರ್ಷಗಳ ಗಡುವು. ಪ್ರತಿ ತಿಂಗಳೂ ಅಸಲು ಬಡ್ಡಿಗಳೆರಡೂ ಕೂಡಿದ ಸಮನಾದ ಕಂತು.

ಈ ಕಂತಿನ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ಹಳೆಯ ಪದ್ಧತಿಯಲ್ಲಿ ನೂರಕ್ಕೆ 6ರಂತೆ 1,000 ಡಾಲರು ಸಾಲ ಮಾಡಿದವನು ತಿಂಗಳಿಗೆ 5 ಡಾಲರು ಬಡ್ಡಿಯನ್ನು ತೆತ್ತರೆ ಸಾಕಾಗಿತ್ತು. ಆದರೆ ಐದು ವರ್ಷಗಳು ಕಳೆದ ಮೇಲೆಯೂ ಅವನ ತಲೆಯ ಮೇಲೆ 1,000 ಡಾಲರು ಹಾಗೆಯೇ ಕುಳಿತಿರುತ್ತಿತ್ತು. ಹೊಸ ಪದ್ಧತಿಯಲ್ಲಿ ತಿಂಗಳಿಗೆ 7 ಡಾಲರು 91 ಸೆಂಟು. ಬಡ್ಡಿಯ ದರ ಇಳಿದಿದ್ದರೂ ತೆರಬೇಕಾದುದು ಹೆಚ್ಚು; ಆದರೆ ಹದಿನೈದು ವರ್ಷಗಳು ತುಂಬುವ ದಿನ ಅವನು ಋಣಮುಕ್ತ. ನೋಡುವುದಕ್ಕೆ ಹಗುರವಾದ ಸಾಲವೇ ಅಪಾಯದ ಸಾಲವಾಗಿತ್ತು.

ಮಾರನೆಯ ವರ್ಷ, 1934ರ ಜೂನ್ 27ರ ಶಾಸನದಿಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬಂತು. ಇದು ಮುಖ್ಯವಾಗಿ ಮನೆ ಕೊಳ್ಳುವವನ ಯೋಜನೆ. ಕೆಲಸವಿಲ್ಲದ ಬಡಗಿಗಳಿಗೂ ಗಾರೆಯವರಿಗೂ ಕೆಲಸ ಕೊಡುವ ಆಶಯವೂ ಅದರಲ್ಲಿತ್ತು. ಇಲ್ಲಿ ಸರ್ಕಾರವು ಸಾಲ ಕೊಡಲಿಲ್ಲ. ಬ್ಯಾಂಕು ಕೊಟ್ಟ ಸಾಲಕ್ಕೆ ವಿಮೆಯನ್ನು ಮಾತ್ರ ಮಾಡಿತು. ವಿಮೆಯ ಕಂತನ್ನು ಸಾಲ ಪಡೆದವನೇ ತೆರಬೇಕು. ಅವನು ತಪ್ಪಿದರೆ ಬ್ಯಾಂಕಿಗಾಗುವ ನಷ್ಟವನ್ನು ಆ ನಿಧಿಯು ತುಂಬುವುದು. ಧೈರ್ಯ ಬಂದ ಬ್ಯಾಂಕುಗಳು ಬೆಲೆಯ ನೂರಕ್ಕೆ 80ರಷ್ಟನ್ನು 20 ವರ್ಷಗಳಿಗೆ ಕೊಡತೊಡಗಿದುವು. 1938ರ ತಿದ್ದುಪಡಿಯಿಂದ ಸಣ್ಣ ಹೊಸ ಮನೆಗಳಿಗೆ ಇದು ನೂರಕ್ಕೆ 90ಕ್ಕೂ 25 ವರ್ಷಗಳಿಗೂ ಏರಿತು. 1944ರಲ್ಲಿ ಯುದ್ಧದಿಂದ ಮರಳಿದ ಯೋಧರ ಗೃಹಸಾಲಕ್ಕೂ ಸರ್ಕಾರವು ಜಾಮೀನು ನಿಂತಿತು. 1940ರಲ್ಲಿ ನೂರಕ್ಕೆ 44 ಸಂಸಾರಗಳು ಸ್ವಂತ ಮನೆಯಲ್ಲಿದ್ದ ಆ ದೇಶದಲ್ಲಿ 1960ರ ವೇಳೆಗೆ ನೂರಕ್ಕೆ 62 ಸಂಸಾರಗಳು ಹಾಗಿದ್ದುದಕ್ಕೆ ಯುದ್ಧಾನಂತರದ ಸಂಪತ್ತಿನೊಡನೆ ಈ ದೀರ್ಘಾವಧಿಯ ಸಾಲಗಳೂ ಕಾರಣವಾದುವು.

ಇಷ್ಟನ್ನು ನೋಡಿದರೆ ಎರಡನೆಯದೇ ಮೇಲಾದ ಯೋಜನೆಯೆಂದು ತೋರಬಹುದು. ಆದರೆ ಒಂದು ಮಾತನ್ನು ಮರೆಯಬಾರದು. ಮೊದಲನೆಯ ಸಂಸ್ಥೆಯು ಕಷ್ಟದಲ್ಲಿದ್ದವನನ್ನೇ ಹುಡುಕಿತು. 1936ರ ಜೂನ್ ವೇಳೆಗೆ ಅದು ಸುಮಾರು 10 ಲಕ್ಷ ಮಂದಿಗೆ 300 ಕೋಟಿ ಡಾಲರುಗಳಿಗೂ ಹೆಚ್ಚು ಸಾಲವನ್ನು ಕೊಟ್ಟಿತ್ತು. ಕಂತು ತಪ್ಪಿದವರ ಮನೆಗೆ ಅಧಿಕಾರಿಗಳು ಹೋಗಿ ಕಾರಣವನ್ನು ವಿಚಾರಿಸಿದರು. 1939ರ ತಿದ್ದುಪಡಿಯಿಂದ ಗಡುವನ್ನು 25 ವರ್ಷಗಳವರೆಗೂ ಬೆಳೆಸಬಹುದಾಯಿತು. ಆದರೂ ಐವರಲ್ಲಿ ಒಬ್ಬನು ಕೊನೆಗೆ ಮನೆಯನ್ನು ಕಳೆದುಕೊಂಡನು, ನಾಲ್ವರು ಉಳಿಸಿಕೊಂಡರು. 1951ರಲ್ಲಿ ಲೆಕ್ಕ ಮುಗಿಸಿದಾಗ ಸಂಸ್ಥೆಯು ನಷ್ಟಪಡದೆ ಅಲ್ಪ ಲಾಭವನ್ನೇ ತೋರಿಸಿತು.

ಎರಡನೆಯ ಸಂಸ್ಥೆಗಾದರೋ ತಪ್ಪದೆ ಕೊಡುವವನು ಬೇಕಾಗಿದ್ದನು. ವಿಮೆಯ ಧರ್ಮವೇ ಅದು. ಆದುದರಿಂದ ಮನುಷ್ಯನ ಯೋಗ್ಯತೆಯೊಡನೆ ಅವನ ಬೀದಿಯ ಯೋಗ್ಯತೆಯನ್ನೂ ಅಳೆಯಲಾಯಿತು. ನಗರಗಳ ಭಾಗಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಬಣ್ಣಗಳಿಂದ ಗುರುತಿಸಿದ ನಕ್ಷೆಗಳನ್ನು 1935ರ ತರುವಾಯ ಬರೆಯಿಸಿದುದು ಮೊದಲನೆಯ ಸಂಸ್ಥೆಯೇ ಎಂಬುದು ನಿಜ. ಆದರೆ ಅದು ತನ್ನ ಸಾಲಗಳಲ್ಲಿ ಬಹುಪಾಲನ್ನು ಅದಕ್ಕೆ ಮೊದಲೇ, ಮುಂದೆ ಕೆಂಪು ಬಣ್ಣಕ್ಕೆ ಒಳಗಾದ ಕೇರಿಗಳಲ್ಲಿಯೂ ಕೊಟ್ಟಿತ್ತು. ವಿಮೆಯ ಸಂಸ್ಥೆಯು ತನ್ನದೇ ನಕ್ಷೆಗಳನ್ನಿಟ್ಟುಕೊಂಡು ನೀಗ್ರೋ ಜನರಿದ್ದ ಕೇರಿಗಳಿಂದ ದೂರ ಸರಿಯಿತು. ಬಿಳಿಯರಲ್ಲದವರಿಗೆ ಮನೆ ಮಾರಕೂಡದೆಂಬ ಕರಾರುಗಳನ್ನು ತನ್ನ ಕೈಪಿಡಿಯಲ್ಲಿ ಪ್ರೋತ್ಸಾಹಿಸಿತು. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೆ ತರಲಾಗದೆಂದು ಶ್ರೇಷ್ಠ ನ್ಯಾಯಾಲಯವು ಹೇಳಿದುದು 1948ರಲ್ಲಿ. ಮನೆಯ ಮಾರಾಟದಲ್ಲಿಯೂ ಸಾಲದಲ್ಲಿಯೂ ವರ್ಣಭೇದವನ್ನು ಶಾಸನವು ನಿಷೇಧಿಸಿದುದು 1968ರಲ್ಲಿ. ಅಷ್ಟರೊಳಗೆ ಒಂದು ತಲೆಮಾರು ಬಾಡಿಗೆಯ ಮನೆಯಲ್ಲಿಯೇ ಮುಗಿದಿತ್ತು. ಮಕ್ಕಳಿಗೆ ಬಿಟ್ಟುಹೋಗಲು ಅವರಲ್ಲಿ ಮನೆಯಿರಲಿಲ್ಲ.

ಸಾಲದ ವಿಚಾರ ಬಂದಾಗ ನಾವು ಮೊದಲು ಕೇಳುವ ಪ್ರಶ್ನೆ, ಬಡ್ಡಿ ಎಷ್ಟು ಎಂಬುದು. ಈ ಚರಿತ್ರೆಯು ಅದರೊಡನೆ ಇನ್ನೆರಡು ಪ್ರಶ್ನೆಗಳನ್ನು ಕೇಳಬೇಕೆನ್ನುತ್ತದೆ. ಸಾಲ ಮಾಡಿದವನು ಎಡವಿದ ದಿನ ಅವನ ಗತಿಯೇನು? ಬಾಗಿಲವರೆಗೂ ಬರಲು ಅವಕಾಶವೇ ಇಲ್ಲದವನು ಯಾರು? ಮೊದಲನೆಯ ಪ್ರಶ್ನೆಗೆ 1933ರ ಯೋಜನೆಯು ಒಂದುಮಟ್ಟಿಗೆ ಉತ್ತರ ಕೊಟ್ಟಿತು. ಎರಡನೆಯದನ್ನು 1934ರ ಯೋಜನೆಯು ಕೇಳಿಕೊಳ್ಳಲೇ ಇಲ್ಲ.