ತೆಯೊಡೋರ್ ಹಾಂಬೆರ್ಗ್ ಮತ್ತು ಹಕ್ಕ ನುಡಿಯ ಹಸ್ತಪ್ರತಿ ಕೋಶ

ತೈಪಿಂಗ್ ಬಂಡಾಯದ ಇತಿಹಾಸವನ್ನು ಬರೆದವರೆಲ್ಲರೂ ತೆಯೊಡೋರ್ ಹಾಂಬೆರ್ಗನ ಹೆಸರನ್ನು ಒಮ್ಮೆಯಾದರೂ ಎತ್ತಿದ್ದಾರೆ. ಬಂಡಾಯದ ನಾಯಕ ಹೊಂಗ್ ಶ್ಯೂಛ್ವಾನನ ಸ್ವಪ್ನದರ್ಶನಗಳನ್ನೂ ಗುವಾಂಗ್‌ಶಿ ದಂಗೆಯ ಮೂಲವನ್ನೂ ಕುರಿತು 1854ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಚ್ಚಾದ ಕಿರಿದಾದ ಇಂಗ್ಲಿಷ್ ಗ್ರಂಥವೇ ಅದಕ್ಕೆ ಕಾರಣ. ಆ ಗ್ರಂಥ ಹೊರಬಂದ ಕೆಲವೇ ವಾರಗಳಲ್ಲಿ, ಮೇ 13ರಂದು, ಲೇಖಕ ಆಮಶಂಕೆಯಿಂದ ತೀರಿಕೊಂಡ. ಆಗ ಅವನಿಗೆ ಮೂವತ್ತೈದು ವರ್ಷ. ಅವನ ಬಳಿ ಇದ್ದ ಮತ್ತೊಂದು ಬರಹ ಅಚ್ಚಾಗಿರಲಿಲ್ಲ. ಅವನು ಸಂಗ್ರಹಿಸತೊಡಗಿದ್ದ ಹಕ್ಕ ನುಡಿಯ ಶಬ್ದಕೋಶ ಅದು. ಇತಿಹಾಸಕಾರರು ಮೊದಲ ಕೃತಿಯನ್ನು ಇರಿಸಿಕೊಂಡು ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳಿದ್ದಾರೆ. ಭಾಷಾವಿಜ್ಞಾನದ ವಿದ್ಯಾರ್ಥಿಗಳಾದ ನಮಗೆ ಈ ಕ್ರಮವನ್ನು ತಿರುವಿ ನೋಡುವ ಅಗತ್ಯವಿದೆಯೆಂದು ತೋರುತ್ತದೆ.

ಹಾಂಬೆರ್ಗ್ ಹುಟ್ಟಿದ್ದು 1819ರಲ್ಲಿ ಸ್ಟಾಕ್‌ಹೋಮ್‌ನಲ್ಲಿ. ವ್ಯಾಪಾರದ ಕೆಲಸದಲ್ಲಿದ್ದವನು ಅದನ್ನು ಬಿಟ್ಟು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ಶಿಕ್ಷಣಶಾಲೆಯನ್ನು ಸೇರಿದ. 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಕನ್ನಡ ಓದುಗರಿಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದವರು ಇದರ ಪಾದ್ರಿಗಳೇ; ಮೋಗ್ಲಿಂಗ್, ಕಿಟ್ಟೆಲ್ ಇಬ್ಬರೂ ಇದೇ ಶಾಲೆಯಲ್ಲಿ ತಯಾರಾದವರು. 1847ರ ಮಾರ್ಚ್ ತಿಂಗಳಲ್ಲಿ ಹಾಂಬೆರ್ಗ್ ತನ್ನ ಕಿರಿಯ ಸಹೋದ್ಯೋಗಿ ರುಡಾಲ್ಫ್ ಲೆಖ್ಲರನೊಡನೆ ಹಾಂಗ್‌ಕಾಂಗ್‌ನಲ್ಲಿ ಇಳಿದಾಗ, ಮಂಗಳೂರಿನಲ್ಲಿ ಮಿಷನ್ನಿನ ಮುದ್ರಣಾಲಯ ಆಗಲೇ ಕೆಲಸ ಆರಂಭಿಸಿತ್ತು.

ಅವರನ್ನು ಕರೆಸಿಕೊಂಡವನು ಪ್ರಷ್ಯದ ಕಾರ್ಲ್ ಗುಟ್ಜ್‌ಲಾಫ್, ಹಾಂಗ್‌ಕಾಂಗ್ ಸರಕಾರದ ಚೀನೀ ಕಾರ್ಯದರ್ಶಿ. ವಿದೇಶೀ ಪಾದ್ರಿ ಕಾಲಿಡಲಾಗದ ಒಳನಾಡಿಗೆ ಚೀನೀಯರನ್ನೇ ಬೋಧಕರನ್ನಾಗಿ ಕಳುಹಿಸಬೇಕೆಂಬುದು ಅವನ ಯೋಜನೆ. ಇದಕ್ಕಾಗಿ 1844ರಲ್ಲಿ ಅವನು ಚೀನೀ ಒಕ್ಕೂಟವನ್ನು ಕಟ್ಟಿದ್ದ. ಹೊಸಬರಿಬ್ಬರಿಗೂ ಅವನು ಚೀನೀ ಹೆಸರುಗಳನ್ನು ಕೊಟ್ಟ, ನಂತರ ಅವರ ನಡುವೆ ನುಡಿಗಳನ್ನು ಹಂಚಿದ. ಚಾವ್‌ಜೌ ಸೀಮೆಯ ಹೊಕ್ಲೊ ಜನ ಲೆಖ್ಲರನಿಗೆ, ಹಕ್ಕ ಜನ ಹಾಂಬೆರ್ಗನಿಗೆ. ಈ ಹಂಚಿಕೆಯ ಮಹತ್ತ್ವವನ್ನು ನಾವು ಸಾಕಷ್ಟು ಗಮನಿಸಿಲ್ಲ. ಅದುವರೆಗೆ ಚೀನಾಕ್ಕೆ ಬಂದ ಪ್ರಾಟೆಸ್ಟೆಂಟ್ ಪಾದ್ರಿಗಳು ಬಹುಮಟ್ಟಿಗೆ ಬರಹದ ಭಾಷೆ, ಅಧಿಕಾರಿವರ್ಗದ ಮಂದಾರಿನ್, ಬಂದರು ಪಟ್ಟಣಗಳ ನುಡಿ ಇವುಗಳ ಮೇಲೆ ದುಡಿದವರು. ರಾಬರ್ಟ್ ಮಾರಿಸನ್ನನ ಮಹಾಕೋಶ (1815–1823) ಅಕ್ಷರಗಳ ಕೋಶ. ಮೆಡ್‌ಹರ್ಸ್ಟನು 1832ರಲ್ಲಿ ಹೊರತರತೊಡಗಿದ್ದು ಹೊಕ್ಕಿಯೆನ್ ಕೋಶ. ಹಕ್ಕ ನುಡಿಗೆ ನಗರವಿರಲಿಲ್ಲ, ಬಂದರಿರಲಿಲ್ಲ. ಉತ್ತರದಿಂದ ಅಲೆಅಲೆಯಾಗಿ ವಲಸೆ ಬಂದು ಗುವಾಂಗ್‌ಡೋಂಗ್ ಪ್ರಾಂತದ ಗುಡ್ಡಗಾಡಿನಲ್ಲಿ ನೆಲೆಸಿದ ಕೃಷಿಕರ ಮಾತು ಅದು. ಜನಾಂಗದ ಹೆಸರಿನ ಅರ್ಥವೇ ‘ಅತಿಥಿ ಮನೆತನ’. ಮೊದಲೇ ನೆಲೆಸಿದ್ದವರು ಹೊರಗಿನವರಿಗೆ ಇಟ್ಟ ಹೆಸರು. ಅಂಥವರ ಮಾತನ್ನು ಒಬ್ಬ ಪಾದ್ರಿಯ ಜೀವಿತಕಾರ್ಯವೆಂದು ನಿಗದಿಪಡಿಸಿದ್ದರಿಂದ ಹಕ್ಕ ಎಂಬುದು ಯುರೋಪಿನ ದಾಖಲೆಗಳಲ್ಲಿ ಬೇರೆಯದೇ ಒಂದು ಭಾಷೆಯಾಗಿ ನಮೂದಾಗತೊಡಗಿತು.

ಗುಟ್ಜ್‌ಲಾಫ್ 1849ರಲ್ಲಿ ನಿಧಿಸಂಗ್ರಹಕ್ಕಾಗಿ ಯುರೋಪಿಗೆ ಹೊರಟಾಗ ಒಕ್ಕೂಟದ ಹೊಣೆ ಹಾಂಬೆರ್ಗನ ಮೇಲೆ ಬಿತ್ತು. ಮುಂದಿನ ಕಥೆ ಪ್ರಸಿದ್ಧ. ದೂರದ ಪ್ರಾಂತಗಳಲ್ಲಿ ಬೋಧಿಸಿ ಬಂದೆವೆಂದು ವರದಿ ಕೊಡುತ್ತಿದ್ದವರಲ್ಲಿ ಅನೇಕರು ಹಾಂಗ್‌ಕಾಂಗಿನ ಸುತ್ತಮುತ್ತಲೇ ಉಳಿದಿದ್ದರು. ಹಲವರು ಅಫೀಮಿಗೆ ಬಲಿಯಾಗಿದ್ದರು. ಹಂಚಲು ಕೊಟ್ಟ ಪುಸ್ತಕಗಳನ್ನು ಅವರು ಮುದ್ರಕನಿಗೇ ಮಾರುತ್ತಿದ್ದರು, ಅವನು ಅವನ್ನೇ ಮತ್ತೆ ಗುಟ್ಜ್‌ಲಾಫನಿಗೆ ಮಾರುತ್ತಿದ್ದ. ಹಾಂಬೆರ್ಗ್ ಇದನ್ನು ಬಯಲು ಮಾಡಿದ. ತನ್ನನ್ನು ಕರೆತಂದ ಹಿರಿಯನ ಜೀವಮಾನದ ಕೆಲಸವನ್ನೇ ಅವನು ಹೀಗೆ ಕೆಡವಬೇಕಾಯಿತು. ಅದು ಸುಲಭದ ಕೆಲಸವಾಗಿರಲಾರದು. 1851ರ ಆಗಸ್ಟ್‌ನಲ್ಲಿ ಗುಟ್ಜ್‌ಲಾಫ್ ತೀರಿಕೊಂಡ. ಇಲ್ಲಿ ನಮ್ಮದೊಂದು ಅನುಮಾನವನ್ನು ಸೇರಿಸಬಯಸುತ್ತೇವೆ. ಬೋಧಕರ ಮನೆಮಾತನ್ನು ಬಲ್ಲ ವಿದೇಶೀಯನೊಬ್ಬ ಪಕ್ಕದಲ್ಲಿದ್ದುದೇ ಈ ವಂಚನೆ ಹೊರಬರಲು ಒಂದು ಕಾರಣವಾಗಿರಬಹುದು. ಬರಹದ ಚೀನಿಯಲ್ಲಿ ಸಲ್ಲಿಸಿದ ಪ್ರವಾಸವರದಿ ಎಲ್ಲಿಯದೂ ಆಗಬಹುದು. ಊಟದ ಹೊತ್ತಿನ ಮಾತಿಗೆ ಮಾತ್ರ ಊರಿನ ಗುರುತು ಇರುತ್ತದೆ.

ಒಕ್ಕೂಟ ಮುರಿದುಬಿದ್ದ ಮೇಲೆ ಹಾಂಬೆರ್ಗ್ ತಾನೇ ಹಕ್ಕ ಹಳ್ಳಿಗಳಲ್ಲಿ ವಾಸಿಸಬೇಕೆಂದು ನಿಶ್ಚಯಿಸಿ ಶಿನ್‌ಆನ್ ಜಿಲ್ಲೆಯ ಪೂಕಕ್‌ನಲ್ಲಿ, ಅಂದರೆ ಇಂದಿನ ಶೆನ್‌ಜೆನ್ ನಗರದೊಳಗೆ ಸೇರಿಹೋಗಿರುವ ಬೂಜಿಯಲ್ಲಿ, ಮಡದಿಯೊಡನೆ ನೆಲೆಸಿದ. ಹೊಕ್ಲೊ ಸೀಮೆಯಲ್ಲಿ ನಿಲ್ಲಲು ಬಿಡದೆ ಅಧಿಕಾರಿಗಳು ಹೊರಹಾಕಿದ್ದರಿಂದ ಲೆಖ್ಲರನೂ 1852ರಲ್ಲಿ ಹಕ್ಕ ಕೆಲಸಕ್ಕೇ ಬಂದು ಸೇರಿದ. ಕೋಶದ ಕೆಲಸಕ್ಕೆ ಎರಡು ಕೈಗಳಾದವು.

ಆ ಕೋಶಕಾರರು ಎದುರಿಸಿದ ನುಡಿ ಎಂಥದು? ಚೀನೀ ನುಡಿಗಳಲ್ಲಿ ಹಕ್ಕವನ್ನು ಬೇರ್ಪಡಿಸುವ ಲಕ್ಷಣಗಳಲ್ಲಿ ಮುಖ್ಯವಾದುದು ಮಧ್ಯಕಾಲೀನ ಚೀನಿಯ ಘೋಷ ಸ್ಪರ್ಶಗಳ ಗತಿ. ಹಕ್ಕದಲ್ಲಿ ಅವು ತಾನಭೇದವನ್ನು ಲೆಕ್ಕಿಸದೆ ಅಘೋಷ ಮಹಾಪ್ರಾಣಗಳಾಗಿವೆ. ‘ಬಿಳಿ’ ಎಂಬರ್ಥದ ಶಬ್ದ ಹಕ್ಕದಲ್ಲಿ ಫಕ್ (ಓಷ್ಠ್ಯ ಮಹಾಪ್ರಾಣ), ಕ್ಯಾಂಟನೀಸಿನಲ್ಲಿ ಪಾಕ್; ‘ರೋಗ’ ಹಕ್ಕದಲ್ಲಿ ಮಹಾಪ್ರಾಣಯುಕ್ತ ಫಿಯಾಂಗ್, ಕ್ಯಾಂಟನೀಸಿನಲ್ಲಿ ಅಲ್ಪಪ್ರಾಣದ ಪೆಂಗ್. ಉಚ್ಚಾರಾಂಶದ ಕೊನೆಯಲ್ಲಿ ಪ್, ತ್, ಕ್ ಮೂರೂ ಉಳಿದಿವೆ, ಮ್, ನ್, ಙ್ ಮೂರೂ ಉಳಿದಿವೆ. ಉತ್ತಮ ಪುರುಷದ ಸರ್ವನಾಮ ‘ಙೈ’. ನಮ್ಮ ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಮರೆತುಬಿಡುವ ಙಕಾರ ಅಲ್ಲಿ ‘ನಾನು’ ಎನ್ನುವಾಗಲೆಲ್ಲ ಪದಾದಿಯಲ್ಲಿ ಕೇಳಿಸುತ್ತದೆ. ಇದರ ಜೊತೆಗೆ ಆರು ತಾನಗಳು. ವರ್ಗಾಕ್ಷರಗಳ ಕ್ರಮವನ್ನು ಬಲ್ಲ ಕನ್ನಡಿಗನಿಗೆ ಈ ವ್ಯಂಜನವ್ಯವಸ್ಥೆಯ ಬಹುಭಾಗ ಪರಿಚಿತವೆನಿಸುತ್ತದೆ. ಸ್ವೀಡಿಷ್ ಮತ್ತು ಜರ್ಮನ್ ಕಿವಿಗಳಿಗೆ ಅಲ್ಪಪ್ರಾಣ-ಮಹಾಪ್ರಾಣಗಳ ಅರ್ಥಭೇದಕ ವ್ಯತ್ಯಾಸವೇ ಹೊಸತು, ತಾನವಂತೂ ಇನ್ನೂ ಹೊಸತು.

ಈ ಹಿನ್ನೆಲೆಯಲ್ಲಿ 1854ರ ಆ ಗ್ರಂಥವನ್ನು ಮತ್ತೊಮ್ಮೆ ತೆರೆದು ನೋಡಬೇಕು. ಅದರ ಮೂಲಾಧಾರ ಹೊಂಗ್ ಶ್ಯೂಛ್ವಾನನ ದಾಯಾದಿ ಹೊಂಗ್ ರೆನ್‌ಗಾನ್. 1852ರಲ್ಲಿ ಅವನು ಹಾಂಬೆರ್ಗನನ್ನು ಕಂಡು ಬಂಡಾಯದ ಮೂಲವೃತ್ತಾಂತವನ್ನು ಬರೆದುಕೊಟ್ಟ. ಮರುವರ್ಷ ಅವನಿಂದಲೇ ದೀಕ್ಷೆ ಪಡೆದ. ಪುಸ್ತಕದ ಮಾರಾಟದಿಂದ ಬರುವ ಹಣ ರೆನ್‌ಗಾನ್ ಮತ್ತು ಅವನ ಸಂಗಡಿಗರ ನೆರವಿಗೆಂದು ಉದ್ದೇಶಿತವಾಗಿತ್ತು. ವಿಚಾರಣೀಯವೆಂದರೆ ಹೆಸರುಗಳ ಬರಹ. ಶೀರ್ಷಿಕೆಯಲ್ಲಿ ನಾಯಕನ ಮನೆತನದ ಹೆಸರು ಹಕಾರದಿಂದ ಆರಂಭವಾಗುತ್ತದೆ: ‘ಹುಂಗ್’. ಆದರೆ ಹಕ್ಕ ನುಡಿಯಲ್ಲಿ ಆ ಅಕ್ಷರದ ಓದು ‘ಫುಂಗ್’, ಇಲ್ಲಿನ ಫಕಾರ ದಂತೋಷ್ಠ್ಯ ಘರ್ಷ. ‘ಬೆಂಕಿ’ ಹಕ್ಕದಲ್ಲಿ ಫೊ, ‘ಹೂ’ ಫ. ಮಂದಾರಿನ್ನಿನಲ್ಲಿ ಇವೆರಡೂ ಹಕಾರಾದಿ. ಹಕ್ಕ ಕೋಶವನ್ನು ಕಟ್ಟುತ್ತಿದ್ದ ವ್ಯಕ್ತಿ, ಹಕ್ಕ ಮಾತಾಡುವವನಿಂದಲೇ ಕೇಳಿ, ಹಕ್ಕ ನಾಯಕನೊಬ್ಬನ ಕುರಿತು ಬರೆದ ಪುಸ್ತಕದಲ್ಲಿ ಆ ಹೆಸರು ಮನೆಮಾತಿನ ರೂಪದಲ್ಲಿಲ್ಲ. ಅಧಿಕಾರಿವರ್ಗದ ಓದಿಗೆ ಹತ್ತಿರವಾದ ರೂಪದಲ್ಲಿದೆ. ಇದನ್ನು ಅಜಾಗ್ರತೆಯೆನ್ನಲು ನಾವು ಸಿದ್ಧರಿಲ್ಲ. ಇಂಗ್ಲಿಷ್ ಓದುಗರು ಪತ್ರಿಕೆಗಳಲ್ಲಿ ಕಾಣುತ್ತಿದ್ದ ಹೆಸರನ್ನು ಗುರುತಿಸಬೇಕಾಗಿತ್ತು, ಅಷ್ಟೆ. ಹಾಂಬೆರ್ಗನ ಎರಡು ಬರಹಗಳು ಎರಡು ಬೇರೆ ಓದುಗವೃಂದಗಳನ್ನು ಎದುರಿಗಿಟ್ಟುಕೊಂಡಿದ್ದವು. ಹಕ್ಕ ನುಡಿಯ ದನಿ ಕೇಳಿಸುವುದು ಅಚ್ಚಾಗದೆ ಉಳಿದುದರಲ್ಲಿ.

ಅವನ ಮರಣಾನಂತರ ಕೆಲಸ ಲೆಖ್ಲರನ ಪಾಲಿಗೆ ಬಂತು. 1855ರಲ್ಲಿ ಲೆಪ್ಸಿಯಸ್ ಜಗತ್ತಿನ ಎಲ್ಲ ನುಡಿಗಳಿಗೂ ಸಲ್ಲುವ ರೋಮನ್ ವರ್ಣಮಾಲೆಯನ್ನು ಪ್ರಕಟಿಸಿದ. ಬಾಸೆಲ್ ಮಿಷನ್ ಹಕ್ಕಕ್ಕೆ ಅದನ್ನೇ ಆರಿಸಿಕೊಂಡಿತು. ಲೆಖ್ಲರನ ಹಕ್ಕ ಮತ್ತಾಯನ ಸುವಾರ್ತೆ ಆ ಲಿಪಿಯಲ್ಲಿ 1860ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾಯಿತು. ಇಲ್ಲಿ ಮಂಗಳೂರನ್ನು ನೆನೆಯದಿರಲು ಸಾಧ್ಯವಿಲ್ಲ. ಇದೇ ಮಿಷನ್ ತುಳುವಿನ ಮುಂದೆಯೂ ನಿಂತಿತ್ತು. ಅಲ್ಲಿ ಅದು ಆರಿಸಿದ್ದು ಕನ್ನಡ ಲಿಪಿಯನ್ನು. ಬ್ರಿಗೆಲನ ವ್ಯಾಕರಣ (1872), ಮ್ಯಾನರನ ಕೋಶ (1886) ಅದೇ ದಾರಿಯಲ್ಲಿ ಬಂದವು. ಎರಡು ನಿರ್ಧಾರಗಳಿಗೂ ಹಿಂದಿದ್ದ ಪ್ರಶ್ನೆ ಒಂದೇ: ಓದುಬರಹ ಬಲ್ಲ ನೆರೆಯವರು ಈಗಾಗಲೇ ಯಾವ ಲಿಪಿಯನ್ನು ಬಲ್ಲರು? ತುಳುವಿನ ಪದಾಂತ್ಯದ ಸಂವೃತ ಉಕಾರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲದಿದ್ದರೂ ಲಿಪಿಯ ಉಳಿದ ಭಾಗ ಉಚ್ಚಾರಣೆಯನ್ನು ಅನುಸರಿಸುತ್ತದೆ, ಹಾಗಾಗಿ ಕೊರತೆಯನ್ನು ತುಂಬಿಕೊಳ್ಳಬಹುದು. ಚೀನೀ ಅಕ್ಷರ ಹಾಗಲ್ಲ. ಅದು ಉಚ್ಚಾರಣೆಯನ್ನು ಹೇಳಿಕೊಡುವುದಿಲ್ಲ. ಹಕ್ಕದ ಎಷ್ಟೋ ದೇಶ್ಯ ಶಬ್ದಗಳಿಗೆ ಸರ್ವಸಮ್ಮತ ಅಕ್ಷರವೇ ಇಲ್ಲ.

ಲೆಪ್ಸಿಯಸನ ಲಿಪಿ ವಿಜ್ಞಾನಸಮ್ಮತವಾಗಿತ್ತು, ಆದರೆ ಬಲ್ಲವರ ಗೌರವ ಅದಕ್ಕೆ ಸಿಗಲಿಲ್ಲ. ಮಗ ಓದು ಕಲಿತನೆಂದು ಹಕ್ಕ ತಂದೆ ಹೇಳಿಕೊಳ್ಳಬೇಕಾದರೆ ಆ ಓದು ಚೀನೀ ಅಕ್ಷರಗಳದ್ದೇ ಆಗಬೇಕಿತ್ತು. ಮಿಷನ್ನಿನ ಆಡುಮಾತಿನ ಪಾಠಪುಸ್ತಕ ರೋಮನ್ ರೂಪದಲ್ಲಿ ಬಂದ ಬೆನ್ನಲ್ಲೇ 1880ರಲ್ಲಿ ಅಕ್ಷರರೂಪದಲ್ಲೂ ಬಂದುದು ಇದಕ್ಕೆ ಸಾಕ್ಷಿ. ಇಂದಿನ ಸಂಶೋಧಕನಿಗೆ ಇದು ಅನಿರೀಕ್ಷಿತ ಲಾಭ. ರೋಮನ್ ಪ್ರತಿ ಉಚ್ಚಾರಣೆಯನ್ನು ತಿಳಿಸುತ್ತದೆ, ಅಕ್ಷರಪ್ರತಿ ಅಂದಿನ ಹಕ್ಕರು ತಮ್ಮ ಶಬ್ದಗಳನ್ನು ಯಾವ ಅಕ್ಷರಗಳೊಡನೆ ಹೊಂದಿಸಿದರೆಂಬುದನ್ನು ತಿಳಿಸುತ್ತದೆ. ಹಿಲರಿ ಚಾಪೆಲ್ ಮತ್ತು ಕ್ರಿಸ್ಟೀನ್ ಲಾಮಾರ್ ಬಾಸೆಲ್ ಗ್ರಂಥಾಲಯದ ಸಾಮಗ್ರಿಯನ್ನು ಆಧರಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂಪತ್ತಿನ ಬೆಲೆಯನ್ನು ತೋರಿಸಿಕೊಟ್ಟಿದೆ.

ಹಸ್ತಪ್ರತಿ ಕೋಶ ಪಾದ್ರಿಯಿಂದ ಪಾದ್ರಿಗೆ ನಕಲಾಗುತ್ತಾ, ಹಿಗ್ಗುತ್ತಾ ಅರ್ಧ ಶತಮಾನ ಬದುಕಿತು. ಲೆಖ್ಲರ್ 1899ರವರೆಗೂ ಚೀನಾದಲ್ಲಿ ದುಡಿದ. ಕೊನೆಗೆ ಅದು ಅಚ್ಚಿನ ಮುಖ ಕಂಡದ್ದು ಬೇರೊಂದು ಮಿಷನ್ನಿನವರ ಕೈಯಲ್ಲಿ: ಇಂಗ್ಲಿಷ್ ಪ್ರೆಸ್ಬಿಟೇರಿಯನ್ ಪಾದ್ರಿ ಡೊನಾಲ್ಡ್ ಮ್ಯಾಕ್‌ಐವರ್ 1905ರಲ್ಲಿ ಶಾಂಘೈನಲ್ಲಿ ಪ್ರಕಟಿಸಿದ ಹಕ್ಕ-ಇಂಗ್ಲಿಷ್ ಕೋಶಕ್ಕೆ ಬಾಸೆಲ್ ಹಸ್ತಪ್ರತಿಯೇ ತಳಹದಿ. 1926ರಲ್ಲಿ ಅದರ ಪರಿಷ್ಕೃತ ಮುದ್ರಣವೂ ಬಂತು. ಕಿಟ್ಟೆಲನ ಕೋಶವನ್ನು ಅವನ ಹೆಸರಿನಿಂದಲೇ ಕರೆಯುವ ನಮಗೆ ಈ ಕೋಶದ ಕರ್ತೃತ್ವ ತೊಡಕಿನದು. ಬೀಜ ಬಿತ್ತಿದವನು ಹಾಂಬೆರ್ಗ್, ಬೆಳೆಸಿದವನು ಲೆಖ್ಲರ್, ಕೊಯ್ಲು ಮ್ಯಾಕ್‌ಐವರನದು. ಫಕ್ ಎಂದೂ ಙೈ ಎಂದೂ ಮತ್ತೆಮತ್ತೆ ಹೇಳಿ, ತಪ್ಪು ತಾನವನ್ನು ತಿದ್ದಿ, ಪ್ರತಿಯೊಂದು ಶಬ್ದವನ್ನೂ ಬರೆಸಿದ ಹಕ್ಕ ಭಾಷಿಕರ ಹೆಸರುಗಳು ಮೂವರ ಜೊತೆಯಲ್ಲೂ ಕಾಣಿಸುವುದಿಲ್ಲ. ಪೂಕಕ್ಕಿನ ಸುತ್ತಿನ ನುಡಿಯ ಮೇಲೆ ಕೆಲಸ ಮಾಡುವವರು ಈ ಕೋಶವನ್ನು ಒಬ್ಬನ ಕೃತಿಯೆಂದು ಉಲ್ಲೇಖಿಸುವಾಗ ಪದರಗಳನ್ನು ಬಿಡಿಸಿ, ಯಾವ ನಮೂದು ಶಿನ್‌ಆನ್ ನುಡಿಯದು, ಯಾವುದು ಒಳನಾಡಿನಿಂದ ಆಮೇಲೆ ಸೇರಿದ್ದು ಎಂದು ನೋಡಬೇಕಾಗುತ್ತದೆ.