ಸ್ವಾಮಿಮಲೈ ಮೂರ್ತಿಗಳು: ಮೇಣದಿಂದ ಲೋಹಕ್ಕೆ

ತಮಿಳುನಾಡಿನ ಕುಂಭಕೋಣದ ಪಕ್ಕದಲ್ಲೇ ಇರುವ ಸ್ವಾಮಿಮಲೈ ಸುಬ್ರಹ್ಮಣ್ಯನ ಕ್ಷೇತ್ರ. ಕಂಚಿನ ಮೂರ್ತಿ ಎರೆಯುವ ಸ್ಥಪತಿಗಳ ಊರೂ ಹೌದು. ಗರ್ಭಗುಡಿಯ ಕಲ್ಲಿನ ಮೂಲವಿಗ್ರಹ ಕದಲುವಂತಿಲ್ಲ. ಬೀದಿಗೆ ಬಂದು ದರ್ಶನ ಕೊಡಲು ಲೋಹದ ಉತ್ಸವಮೂರ್ತಿ ಬೇಕು. ಹಳೆಯ ಮೂರ್ತಿಗಳ ಪೀಠದಲ್ಲಿರುವ ತೂತುಗಳು ಹೊರುವ ಗಳಗಳಿಗಾಗಿ ಬಿಟ್ಟವು.

ಮೇಣದ ಕೆಲಸ

ಮೂರ್ತಿಯ ಎತ್ತರಕ್ಕೆ ತೆಂಗಿನ ಗರಿಯನ್ನು ಕತ್ತರಿಸಿ, ಸಮಭಾಗಗಳಾಗಿ ಮಡಿಸುತ್ತಾರೆ. ಮುಖ, ಎದೆ, ಸೊಂಟಗಳ ಪ್ರಮಾಣಕ್ಕೆಲ್ಲ ಆ ಮಡಿಕೆಗಳೇ ಅಳತೆಗೋಲು. ಜೇನುಮೇಣಕ್ಕೆ ರಾಳವನ್ನೂ ತುಸು ಕಡಲೆಕಾಯಿ ಎಣ್ಣೆಯನ್ನೂ ಸೇರಿಸಿ ಕರಗಿಸಿ ಹದ ಮಾಡುತ್ತಾರೆ. ತಲೆ, ಮುಂಡ, ಕೈಕಾಲುಗಳನ್ನು ಬೇರೆ ಬೇರೆಯಾಗಿ ರೂಪಿಸಿ, ಕಾಸಿದ ಕಬ್ಬಿಣದಿಂದ ಬೆಸೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಶಿಲ್ಪ ಹುಟ್ಟುವುದು ಇಲ್ಲೇ. ಮೇಣದಲ್ಲಿ ಬೆರಳಿನ ಬಾಗು ತಪ್ಪಿದರೆ ಲೋಹದಲ್ಲಿ ಅದನ್ನು ತಿದ್ದುವುದು ಬಲು ಕಷ್ಟ.

ಕಾವೇರಿಯ ಮಣ್ಣು

ಮೇಣದ ಮೂರ್ತಿಗೆ ಮೊದಲು ಬಳಿಯುವುದು ಕಾವೇರಿಯ ನುಣ್ಣನೆಯ ಮೆಕ್ಕಲು. ಕೊಡಗಿನಲ್ಲಿ ಹುಟ್ಟುವ ಹೊಳೆ ಇಲ್ಲಿಗೆ ಬರುವ ಹೊತ್ತಿಗೆ ಅದರ ಮಣ್ಣು ಹಿಟ್ಟಿನಷ್ಟು ನಯವಾಗಿರುತ್ತದೆ. ಆಭರಣದ ಒಂದೊಂದು ಗೆರೆಯನ್ನೂ ಹಿಡಿದಿಡುವುದು ಈ ತೆಳು ಲೇಪವೇ. ನೆರಳಲ್ಲಿ ಒಣಗಿದ ಮೇಲೆ ಮರಳು ಬೆರೆತ ಒರಟು ಮಣ್ಣು ಮೆತ್ತುತ್ತಾರೆ. ದೊಡ್ಡ ಮೂರ್ತಿಯಾದರೆ ಕಬ್ಬಿಣದ ತಂತಿಯಿಂದ ಬಿಗಿಯುತ್ತಾರೆ.

ಎರಕ

ಬೆರಣಿಯ ಬೆಂಕಿಯಲ್ಲಿ ಅಚ್ಚನ್ನು ಕಾಯಿಸಿದಾಗ ಮೇಣ ಕರಗಿ ನಾಳದಿಂದ ಹರಿದುಹೋಗುತ್ತದೆ. ಬಿಸಿಯಿರುವಾಗಲೇ ಅಚ್ಚನ್ನು ಬಾಯಿ ಮೇಲಾಗಿ ನೆಲದಲ್ಲಿ ಹೂತು, ಮೂಸೆಯಲ್ಲಿ ಕರಗಿದ ಲೋಹವನ್ನು ಧಾರೆ ಕಡಿಯದಂತೆ ಹೊಯ್ಯಬೇಕು. ಅಚ್ಚು ಆರಿದ್ದರೆ ಲೋಹ ಕೊನೆ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ, ತೇವವಿದ್ದರೆ ಸಿಡಿಯುತ್ತದೆ. ಪಂಚಲೋಹವೆಂದರೂ ಅದರಲ್ಲಿ ಹೆಚ್ಚಿನ ಪಾಲು ತಾಮ್ರ. ಹಿತ್ತಾಳೆ, ಸೀಸ ಸ್ವಲ್ಪ; ಚಿನ್ನ ಬೆಳ್ಳಿ ಹೆಸರಿಗಷ್ಟೇ.

ಅಚ್ಚನ್ನು ಒಡೆದರೇ ಮೂರ್ತಿ ಹೊರಬರುವುದು. ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ. ಆಮೇಲೆ ಚಾಣ, ಅರಗಳ ಕೆಲಸ. ಚೋಳರ ಕಾಲದಲ್ಲಿ ಬಹುಪಾಲು ವಿವರ ಎರಕದಲ್ಲೇ ಮೂಡುತ್ತಿತ್ತು. ಈಗ ಚಾಣಕ್ಕೆ ದುಡಿಮೆ ಹೆಚ್ಚು. ಹಳೆಯ ಮೂರ್ತಿಗಳ ಮೃದುತ್ವ ಹೊಸವಕ್ಕೆ ಸುಲಭವಾಗಿ ಬಾರದಿರಲು ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಕಲ್ಯಾಣದ ಗ್ರಂಥ

ಈ ವಿದ್ಯೆಯನ್ನು ವಿವರವಾಗಿ ಬರೆದಿಟ್ಟವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅವನ ರಾಜಧಾನಿ. 12ನೆಯ ಶತಮಾನದ ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಮೊದಲ ಲೇಪದ ಮಣ್ಣಿಗೆ ಸುಟ್ಟ ಹೊಟ್ಟು, ಹತ್ತಿ, ಉಪ್ಪು ಸೇರಿಸಿ ಕಲ್ಲಿನ ಮೇಲೆ ಅರೆಯಲು ಹೇಳುತ್ತದೆ. ಮೇಣದ ತೂಕಕ್ಕೆ ಬೆಳ್ಳಿ 12 ಪಟ್ಟು, ಚಿನ್ನ 16 ಪಟ್ಟು ಬೇಕೆಂದು ಲೆಕ್ಕವನ್ನೂ ಕೊಡುತ್ತದೆ. ಮೇಣವನ್ನು ತೂಗಿ ಲೋಹದ ಅಂದಾಜು ಮಾಡುವ ರೂಢಿ ಸ್ವಾಮಿಮಲೈಯಲ್ಲಿ ಈಗಲೂ ಇದೆ.

ನೋಡಬೇಕಾದ ಮೂರ್ತಿ

ತಂಜಾವೂರಿನ ಕಲಾ ಸಂಗ್ರಹಾಲಯದಲ್ಲಿ ತಿರುವೆಂಗಾಡಿನ ವೃಷಭವಾಹನ ಶಿವನಿದ್ದಾನೆ, ಕಾಲ 1011. ಅವನು ಒರಗಿದ್ದ ನಂದಿ ಈಗಿಲ್ಲ, ಕೈ ಬರಿಗಾಳಿಯ ಮೇಲೆ ನಿಂತಿದೆ. ಆದರೂ ಆ ಭಂಗಿಯಲ್ಲಿ ಒಂದಿಷ್ಟೂ ಕೊರತೆ ಕಾಣುವುದಿಲ್ಲ. ಹೋದವರು ಎದುರಿನಿಂದಷ್ಟೇ ನೋಡಿ ಬರಬೇಡಿ. ಬೆನ್ನಿನ ಕಡೆಯಿಂದಲೂ ನೋಡಿ.