ಗ್ರಹಣ ಬಿಡುತ್ತೆ, ಮೈಲಿಗೆ ಬಿಡಲ್ಲ



2026ರ ಆಗಸ್ಟ್ 12ರ ಸೂರ್ಯಗ್ರಹಣ ಭಾರತಕ್ಕೆ ಕಾಣೋದೇ ಇಲ್ಲ. ಆಗಸ್ಟ್ 28ರ ಚಂದ್ರಗ್ರಹಣವೂ ಅಷ್ಟೇ. ಆದ್ರೂ ಟಿವಿಯಲ್ಲಿ ರಾಶಿಫಲ ತಪ್ಪಲ್ಲ. 2027ರ ಆಗಸ್ಟ್ 2ರದ್ದು ನಮಗೂ ಭಾಗಶಃ ಕಾಣುತ್ತೆ, ಆಗಂತೂ ಕೇಳೋದೇ ಬೇಡ. ಅದಕ್ಕೆ ಮುಂಚೆ ಸ್ವಲ್ಪ ಚರಿತ್ರೆ ಮಾತಾಡೋಣ.

ಗ್ರಹಣ ಅಂದ್ರೆ ನೆರಳು ಅಂತ ಆರ್ಯಭಟ ಬರೆದಿದ್ದು ಕ್ರಿ.ಶ. 499ರ ಸುಮಾರಿಗೆ. 628ರಲ್ಲಿ ಬ್ರಹ್ಮಗುಪ್ತ ಅದೇ ನೆರಳಿನ ಲೆಕ್ಕ ಹಾಕಿದ, ಆದರೆ ರಾಹುವನ್ನು ಅಲ್ಲಗಳೆಯೋರನ್ನೇ ಬೈದ. ಇದನ್ನು ನೋಡಿ 11ನೇ ಶತಮಾನದಲ್ಲೇ ಅಲ್ ಬಿರೂನಿ ಬೇಸರಪಟ್ಟಿದ್ದಾನೆ. ಅಂದರೆ ಸತ್ಯ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ಹಾಗಾದ್ರೆ ರಾಹುವನ್ನು ಯಾಕೆ ಉಳಿಸಿಕೊಂಡ್ರು?

ನಮ್ಮ ಶಾಸನಗಳನ್ನು ನೋಡಿ. ಪಟ್ಟದಕಲ್ಲಿನಲ್ಲಿ ಎರಡನೇ ಕೀರ್ತಿವರ್ಮನ ಕಾಲದ ಕಂಬದ ಶಾಸನದಲ್ಲಿರೋ ಸೂರ್ಯಗ್ರಹಣವನ್ನು ವಿದ್ವಾಂಸರು 754ರ ಜೂನ್ 25 ಅಂತ ಗುರುತಿಸಿದ್ದಾರೆ. ಚಾಲುಕ್ಯರಿಂದ ವಿಜಯನಗರದವರೆಗೆ ಗ್ರಹಣದ ಹೊತ್ತಲ್ಲಿ ಬ್ರಾಹ್ಮಣರಿಗೆ, ದೇವಸ್ಥಾನಗಳಿಗೆ ಭೂಮಿ ಬಿಟ್ಟ ಶಾಸನಗಳು ಎಷ್ಟೋ ಇವೆ. ಆ ನೆರಳಲ್ಲಿ ಕೆಲವರಿಗೆ ಊರುಗಳೇ ಸಿಕ್ಕವು.

ನಮಗೇನು ಸಿಕ್ತು? ಮಹಾರಾಷ್ಟ್ರದಲ್ಲಿ ಮಾಂಗ ಜನ "ದೇ ದಾನ್, ಸುಟೆ ಗಿರಾಣ್" ಅಂತ ಬೀದಿಬೀದಿ ಕೂಗಬೇಕಿತ್ತು. ದಾನ ಕೊಡಿ, ಗ್ರಹಣ ಬಿಡಲಿ ಅಂತ. ನಮ್ಮಜ್ಜಿಯೂ ಗ್ರಹಣದ ಮಾರನೇ ದಿನ ಮೊರ ಹಿಡಿದು ಹೋಗ್ತಿದ್ದಳಂತೆ. ಹಳೇ ಬಟ್ಟೆ, ಒಂದು ಹಿಡಿ ರಾಗಿ. ಅವರ ದೋಷ ಕಳೆಯೋಕೆ ನಮ್ಮ ಮಡಿಲು. ಒಂದೇ ಗ್ರಹಣ, ಒಬ್ಬರಿಗೆ ಹೊಲ, ಇನ್ನೊಬ್ಬರಿಗೆ ಹಳೇ ಸೀರೆ.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನಮ್ಮ ಜಮಖಂಡಿಯಲ್ಲೇ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ದುರ್ಬೀನು ಇಟ್ಟು ನೋಡಿದ. ಅದೇ ಗ್ರಹಣದ ಅಧ್ಯಯನ ಹೀಲಿಯಂ ಪತ್ತೆಗೆ ದಾರಿಯಾಯ್ತು. 151 ವರ್ಷ ಆದಮೇಲೆ, 2019ರ ಡಿಸೆಂಬರ್ 26ರಂದು, ಕಲಬುರಗಿ ಹತ್ತಿರದ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗುತ್ತೆ ಅಂತ ಕತ್ತಿನವರೆಗೆ ಹೂತಿಟ್ಟರು. ಆ ಹೆತ್ತವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಬೇರೆ ದಾರಿ ಕಾಣದೆ ಹಾಗೆ ಮಾಡಿದ್ರು.

ಅವತ್ತೇ ಬೆಳಿಗ್ಗೆ ನಮ್ಮ ಆಫೀಸಲ್ಲಿ ನಾನು ಡಬ್ಬಿ ತೆಗೆದು ಚಿತ್ರಾನ್ನ ತಿಂದೆ. ಪಕ್ಕದ ಟೇಬಲ್‌ನವರು ಎದ್ದು ಹೋದ್ರು. ಸೂರ್ಯಗ್ರಹಣಕ್ಕೆ ಹನ್ನೆರಡು ಗಂಟೆ, ಚಂದ್ರಗ್ರಹಣಕ್ಕೆ ಒಂಬತ್ತು ಗಂಟೆ ಮೊದಲೇ ಊಟ ಬಿಡಬೇಕು, ಮುಟ್ಟಬಾರದು ಅಂತಾರೆ. ಬಿಟ್ಟಮೇಲೆ ಸ್ನಾನ, ಆಮೇಲೆ ಎಲ್ಲಾ ಶುದ್ಧ. ಅವರ ಮೈಲಿಗೆ ಒಂದು ಚೊಂಬು ನೀರಿಗೆ ಹೋಗುತ್ತೆ. ನಮ್ಮ ಮೇಲೆ ಹೊರಿಸಿದ ಮೈಲಿಗೆಗೆ ಯಾವ ಪಂಚಾಂಗದಲ್ಲಿ ಮೋಕ್ಷಕಾಲ ಬರೆದಿದೆ?

ಆ ಹೊತ್ತಲ್ಲೂ ಜಾಲಹಳ್ಳಿ ರಸ್ತೆಯಲ್ಲಿ ಪೌರಕಾರ್ಮಿಕ ಅಕ್ಕಂದಿರು ಕಸ ಗುಡಿಸ್ತಿದ್ರು. ಅವರನ್ನು ಯಾರೂ ಒಳಗೆ ಇರಮ್ಮ ಅನ್ನಲಿಲ್ಲ.

2027ಕ್ಕೆ ಮಕ್ಕಳಿಗೆ ಗ್ರಹಣದ ಕನ್ನಡಕ ಕೊಡಿಸಿ. ಬರಿಗಣ್ಣಲ್ಲಿ ನೋಡಬೇಡಿ, ಕಣ್ಣು ಹಾಳಾಗೋದು ನಿಜ. ಕೇರಿಯಲ್ಲೇ ಒಟ್ಟಿಗೆ ಕೂತು ನೋಡೋಣ, ಒಟ್ಟಿಗೆ ಉಣ್ಣೋಣ.

ಜೈ ಭೀಮ್.